ನಾನೇ ಪರೀಕ್ಷಿಸಿದ್ದೇನೆ

ಜುಲೈ 27, ರವಿವಾರ

ಅಕ್ಕನ ಮನೆಯಲ್ಲಿ ಊಟ. ಊಟಕ್ಕೆ ಕರೆದು ಮರ್ಯಾದೆ ತೆಗೆಯುವುದು ಆ ಮನೆಯ ಪದ್ಧತಿ. ಅವಳ ಓರಗಿತ್ತಿ ಬ್ಯಾಂಕಿನಲ್ಲಿದ್ದಾಳೆ, ನಾದಿನಿ ತಹಶೀಲ್ದಾರ್ ಕಚೇರಿಯಲ್ಲಿದ್ದಾಳೆ. ಹೊಸ ಬೀಗರೊಬ್ಬರು ನನ್ನ ಕೆಲಸ ಏನೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಆಕೀದೇನ್ರಿ, ಟಿಕೋಟಾ ಸಾಲ್ಯಾಗ ಸಿಳ್ಳಿ ಊದೂ ನೌಕರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು. ಇಪ್ಪತ್ತೊಂದು ವರ್ಷ ದೈಹಿಕ ಶಿಕ್ಷಕಿಯಾಗಿ ಬಿಸಿಲು ಕುಡಿದದ್ದಕ್ಕೆ ಸಿಕ್ಕ ಬಿರುದು!

ಅಕ್ಕನ ಗಂಡ ಗುರುಪಾದಯ್ಯ ಮಾಮಾ ಒಬ್ಬರೇ ನಗಲಿಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಅವರದು ಆಟದ ಸಾಮಾನಿನ ಅಂಗಡಿ. ಊಟವಾದ ಮೇಲೆ ಒಂದು ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಐದು ಡಬ್ಬಿ. 'ಝಪಾಟಾ' ಅಂತ ಹೆಸರು. ಕಾಲಿಗೆ ಚರ್ಮದ ಹಾಗೆ ಅಂಟಿ ಕೂರುವ ಓಟದ ಟೈಟ್ಸ್.

"ವಿಜಿ, ನೀ ಖರೇ ಮಾತಿನಾಕಿ ಅಂತ ಇಡೀ ಜಿಲ್ಲಾಕ್ಕ ಗೊತ್ತೈತಿ. ನಿನ್ನ ಹುಡುಗ್ಯಾರಿಗೆ ಹಾಕಿಸಿ ಓಡಿಸಿ ನೋಡು. ಚಲೋ ಅನಸಿದ್ರ ಒಂದ ಚೀಟಿ ಬರದುಕೊಡು. ನಿನ್ನ ಫೋಟೋ ಹಾಕಿ ಫ್ಲೆಕ್ಸ್ ಮಾಡಸ್ತೇನಿ."

"ಚಲೋ ಅನಸಲಿಲ್ಲಂದ್ರ?"

"ಅನಸತೈತಿ ತಗೋ."

ಡಬ್ಬಿಯ ಮೇಲೆ ದಪ್ಪ ಅಕ್ಷರ: ವೇಗ ಶೇಕಡಾ ಏಳು ಹೆಚ್ಚು. ದಣಿವು ಅರ್ಧ. ಕಾಲುನೋವನ್ನು ಬರುವ ಮೊದಲೇ ತಡೆಯುತ್ತದೆ. ದಿನಕ್ಕೆ ಹತ್ತು ತಾಸು ತೊಟ್ಟರೆ ಸ್ನಾಯು ತಾನಾಗಿ ಸುಧಾರಿಸುತ್ತದೆ. ಏಳರ ಪಕ್ಕ ಒಂದು ಚಿಕ್ಕ ಚುಕ್ಕಿಗುರುತು, ತಳದಲ್ಲಿ ಇರುವೆಯಂಥ ಅಕ್ಷರ. ಕನ್ನಡಕ ಜಲನಗರದ ನಮ್ಮ ಮನೆಯಲ್ಲೇ ಉಳಿದಿತ್ತು. ಬಿಟ್ಟೆ.

ಫ್ಲೆಕ್ಸಿನಲ್ಲಿ ನನ್ನ ಮುಖ. ಅಕ್ಕನ ಓರಗಿತ್ತಿ ಅದರ ಕೆಳಗೆ ಹಾದು ಬ್ಯಾಂಕಿಗೆ ಹೋಗಬೇಕು. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗುತ್ತಿದೆ, ಆದರೆ ಬಂತು.

ಆಗಸ್ಟ್ 4, ಸೋಮವಾರ

ಶ್ರಾವಣದ ಎರಡನೆಯ ಸೋಮವಾರ. ಬೆಳಗಿನ ಚಹಾ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಇಲ್ಲ. ಮೂರು ಗಂಟೆಗೆ ತಲೆ ಸಿಡಿಯುತ್ತಿತ್ತು. ಆದರೂ ಪರೀಕ್ಷೆ ಶುರು ಮಾಡಿದೆ. ಮಾಡಿದರೆ ಶಿಸ್ತಾಗಿ ಮಾಡಬೇಕು: ಇವತ್ತು ಟೈಟ್ಸ್ ಇಲ್ಲದೆ, ಗುರುವಾರ ಟೈಟ್ಸ್ ತೊಟ್ಟು. ಅದೇ ಮೈದಾನ, ಅದೇ ಹೊತ್ತು, ಅದೇ ಎಂಟುನೂರು ಮೀಟರ್.

ಐದೂ ಹುಡುಗಿಯರು ಹತ್ತನೆಯ ತರಗತಿಯವರು. ರೇಣುಕಾ ಮೂರು ನಿಮಿಷ ಹದಿನೆಂಟು ಸೆಕೆಂಡು. ಉಳಿದ ಮೂವರು ಇನ್ನೂ ಹಿಂದೆ, ಕಾಲೆಳೆದುಕೊಂಡು ಬಂದರು. ಒಬ್ಬಳು ಬಂದವಳೇ ಬೇವಿನ ಗಿಡದ ಕೆಳಗೆ ಕೂತುಬಿಟ್ಟಳು. ಕಳ್ಳಕವಟಗಿಯ ಗೌತಮಿ ಎಂದಿನಂತೆ ಎಲ್ಲರಿಗಿಂತ ಮುಂದೆ: ಎರಡು ನಿಮಿಷ ನಲವತ್ತಾರು. ಈ ಹುಡುಗಿ ಜಿಲ್ಲಾ ಕೂಟ ದಾಟಿ ವಿಭಾಗಕ್ಕೆ ಹೋದರೆ ಕ್ರೀಡಾ ವಸತಿ ನಿಲಯದಲ್ಲಿ ಸೀಟು ಸಿಗುವುದು ಕಷ್ಟವಲ್ಲ. ಅಂಗಿಯ ತೋಳಿಗೆ ಸಾಂಬಾರಿನ ಕಲೆ ಇತ್ತು. ಸ್ವಚ್ಛ ಇರಬಾರದೇ ಎಂದು ಬೈದೆ.

ಆಗಸ್ಟ್ 7, ಗುರುವಾರ

ಶೇಕಡಾ ಏಳು ಅಂದರೆ ಏಳೇ!

ರೇಣುಕಾ ಮೂರು ನಿಮಿಷ ನಾಲ್ಕು. ಹದಿನಾಲ್ಕು ಸೆಕೆಂಡು ಕಡಿಮೆ. ಉಳಿದ ಮೂವರೂ ಹದಿನಾಲ್ಕು, ಹದಿನೈದು ಸೆಕೆಂಡು ಇಳಿಸಿದರು. ಮೊದಲು ಟೈಟ್ಸ್ ಹಾಕಿಕೊಳ್ಳಲು ನಾಚಿ ಕೊಠಡಿಯಿಂದ ಹೊರಗೇ ಬರಲಿಲ್ಲ, ಆಮೇಲೆ ಮೇಲೊಂದು ಚಡ್ಡಿ ಹಾಕಿಕೊಂಡು ಬಂದು ನಗುನಗುತ್ತಾ ಓಡಿದರು. ನನಗೆ ಕುಣಿಯಬೇಕು ಅನಿಸಿತು.

ಗೌತಮಿಯೊಬ್ಬಳು ಎರಡು ನಲವತ್ತೇಳು. ಕಡಿಮೆಯಾಗುವುದಿರಲಿ, ಒಂದು ಸೆಕೆಂಡು ಜಾಸ್ತಿ!

"ಬಿಗೀ ಆಗತೈತ್ರಿ ಅಕ್ಕಾರ. ಮೊಣಕಾಲ ಕೆಳಗ ಎಲುಬು ನೂಸಾಕತ್ತೈತಿ" ಅಂದಳು.

"ಎಲ್ಲಾರಿಗೂ ಬಿಗೀನ ಐತಿ. ಅವರೆಲ್ಲಾ ಓಡಲಿಲ್ಲೇನು? ಯಾವಾಗಲೂ ಮುಂದ ಇರ್ತೀನಿ ಅಂತ ಸೊಕ್ಕ ಬಂದೈತೇನ ನಿನಗ? ಮನಸ್ಸಿಟ್ಟ ಓಡಿದ್ರ ಆಗತಿತ್ತು. ನೋವು ಬರಬಾರದಂತನ ಇದನ್ನ ಮಾಡ್ಯಾರ, ಡಬ್ಬೀ ಓದು."

ಮೈದಾನದ ತುಂಬ ಹುಡುಗರಿದ್ದರು. ಅವಳು ತಲೆ ತಗ್ಗಿಸಿ ಡಬ್ಬಿ ಓದಿದಳು, ಪೂರ್ತಿ ಓದಿದಳು.

ರಾತ್ರಿ ಸರಾಸರಿ ತೆಗೆದೆ. ಗೌತಮಿಯನ್ನು ಸೇರಿಸಿದರೆ ಶೇಕಡಾ ಐದೂವರೆಗೆ ಇಳಿಯುತ್ತದೆ. ಮನಸ್ಸಿಟ್ಟು ಓಡದವಳ ಓಟ ಯಾಕೆ ಸೇರಿಸಬೇಕು? ಬಿಟ್ಟೆ. ಚೀಟಿ ಬರೆದೆ: 'ನನ್ನ ವಿದ್ಯಾರ್ಥಿನಿಯರ ವೇಗ ಶೇಕಡಾ ಏಳು ಹೆಚ್ಚಿದ್ದನ್ನು ನಾನೇ ಪರೀಕ್ಷಿಸಿದ್ದೇನೆ.' ಸಹಿ ಚೆನ್ನಾಗಿ ಬಂತು.

ಆಗಸ್ಟ್ 16, ಶನಿವಾರ

ಫ್ಲೆಕ್ಸ್ ಏರಿತು. ಒಂದಲ್ಲ, ಎರಡು. ಸೊಲ್ಲಾಪುರ ರಸ್ತೆಯ ಅಂಗಡಿಯ ಮೇಲೊಂದು, ಟಿಕೋಟಾ ಬಸ್ ಸ್ಟ್ಯಾಂಡಿನ ಎದುರು ಇನ್ನೊಂದು. ಹತ್ತು ವರ್ಷದ ಹಿಂದಿನ ಫೋಟೋ ಎಲ್ಲಿಂದ ತಂದರೋ ಮಾಮಾ, ಗಲ್ಲಕ್ಕೆ ಗುಲಾಬಿ ಬಣ್ಣ ಬೇರೆ ಹಚ್ಚಿಸಿದ್ದಾರೆ. ಕೆಳಗೆ ನನ್ನ ಮುಖಕ್ಕಿಂತ ದೊಡ್ಡ ಅಕ್ಷರದಲ್ಲಿ: 'ನಾನೇ ಪರೀಕ್ಷಿಸಿದ್ದೇನೆ.'

ಬಸ್ಸಿಳಿದರೆ ಕಂಡಕ್ಟರ್, "ಫ್ಲೆಕ್ಸಿನ ಅಕ್ಕಾರು, ಹಾದಿ ಬಿಡ್ರಿ" ಅಂದ. ಅಕ್ಕ ಫೋನ್ ಮಾಡಿ ಓರಗಿತ್ತಿಗೆ ತೋರಿಸಿದ್ದಾಗಿ ಹೇಳಿದಳು. "ನನ್ನ ತಂಗಿ ಅಂತ ಹೇಳಿದ್ನಿ ನೋಡು" ಅಂದಳು. ಇಷ್ಟು ವರ್ಷ ಯಾರ ತಂಗಿಯಾಗಿದ್ದೆನೋ! ನಮ್ಮ ಮನೆಯವರು ಮಾತ್ರ ಊಟ ಮಾಡುತ್ತಾ, "ಫೋಟೋ ಚಲೋ ಐತಿ, ಯಾರದು?" ಅಂದರು.

ಗೌತಮಿಗೆ ಬುದ್ಧಿ ಬಂದ ಹಾಗಿದೆ. ಸಮವಸ್ತ್ರದ ಚೂಡಿದಾರದ ಒಳಗೆ ದಿನವಿಡೀ ಟೈಟ್ಸ್ ತೊಟ್ಟಿರುತ್ತಾಳೆ. "ಹತ್ತ ತಾಸ ಬಿಡಂಗಿಲ್ರಿ ಅಕ್ಕಾರ" ಅಂದಳು. ಭೇಷ್ ಅಂದೆ.

ಆಗಸ್ಟ್ 23, ಶನಿವಾರ

ಬಬಲೇಶ್ವರಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಯ ದೈಹಿಕ ಶಿಕ್ಷಕಿ ಸುಮಂಗಲಾ ನನ್ನ ಜೊತೆ ತರಬೇತಿ ಮುಗಿಸಿದವಳು. ಎರಡೂ ಶಾಲೆಯವರು ಸೇರಿ ಸ್ನೇಹದ ಓಟ ಇಟ್ಟಿದ್ದೆವು.

ಚಹಾ ಕುಡಿಯುವಾಗ ಅವಳು ನೇರವಾಗಿ ಕೇಳಿದಳು. "ಏನ ವಿಜಯಾ, ನಿನ್ನ ಮಾತ ನಂಬಿ ಎಂಟ ಮಂದಿಗೆ ಆ ಝಪಾಟಾ ತರಿಸೇನಿ. ಒಂದ ಸೆಕೆಂಡ ಸೈತ ಕಮ್ಮಿ ಆಗವಲ್ದು. ನೀ ಹೆಂಗ ನೋಡಿದಿ?"

"ಒಂದಿನ ಹಾಕ್ಕೊಳ್ಳಾರದ, ಒಂದಿನ ಹಾಕ್ಕೊಂಡು."

"ಎಲ್ಲಾರ್ದೂ ಕಮ್ಮಿ ಆತ?"

"ಎಲ್ಲಾರ್ದೂ ಆತು" ಅಂದೆ.

ಅನ್ನುವಾಗಲೇ ನೋಡಿದೆ, ಗೌತಮಿ ಹಿಂದಿನ ನಳದಲ್ಲಿ ಬಾಟಲಿ ತುಂಬಿಕೊಳ್ಳುತ್ತಿದ್ದಳು. ಕೇಳಿಸಿತೋ ಇಲ್ಲವೋ. ಬಾಟಲಿ ತುಂಬಿ ಚೆಲ್ಲುತ್ತಿದ್ದರೂ ನಳ ಬಂದ್ ಮಾಡಿರಲಿಲ್ಲ.

ಸುಮಂಗಲಾ ಹೀಗೆ ಪೊಲೀಸರ ಹಾಗೆ ಕೇಳಬಾರದಿತ್ತು. ಅವಳಿಗೆ ಹೊಟ್ಟೆಕಿಚ್ಚು. ಅವಳ ಫೋಟೋ ಯಾರೂ ಹಾಕಿಲ್ಲವಲ್ಲ.

ಥೂ. ಬರೆದಾದ ಮೇಲೆ ಓದಿದರೆ ಎಷ್ಟು ಸಣ್ಣ ಮಾತು. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಸೆಪ್ಟೆಂಬರ್ 3, ಬುಧವಾರ

ಏನು ಬರೆಯಲಿ.

ಬಿಸಿಯೂಟದ ಅಡುಗೆಯ ರುದ್ರವ್ವ ಇವತ್ತು ಗ್ಯಾಸಿನ ಕಟ್ಟೆ ಒರೆಸುತ್ತಾ ತನ್ನ ಪಾಡಿಗೆ ಮಾತಾಡುತ್ತಿದ್ದಳು. ನಾನು ಬಿಸಿನೀರಿಗೆಂದು ಹೋಗಿದ್ದೆ.

"ಶ್ರಾವಣ ಮುಗದಿದ್ದ ಚಲೋ ಆತ್ರಿ. ಸೋಮಾರ ಬಂದ್ರ ಎಷ್ಟ ಅಕ್ಕಿ ಹಾಕಬೇಕು ತಿಳೀತಿದ್ದಿಲ್ಲ. ನಿಮ್ಮ ಓಟದ ಹುಡುಗ್ಯಾರಂತೂ ಉಪಾಸಾನ ಉಪಾಸ. ಆ ಗೌತಮಿ ಒಬ್ಬಾಕೀನ ಬಂದು ಉಂಡ ಹೋಗತಿದ್ಲು. ಆಕೀಗೆ ಒಬ್ಬಾಕೀಗೆ ಸಾಂಬಾರ ಬಿಸೀ ಮಾಡಿ ಕೊಡತಿದ್ನಿ."

ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಬಂದೆ.

ಗೌತಮಿಯದು ಬೌದ್ಧರ ಮನೆ. ಅವರಲ್ಲಿ ಶ್ರಾವಣ ಸೋಮವಾರದ ಉಪವಾಸವಿಲ್ಲ. ಉಳಿದ ನಾಲ್ವರು ಆಗಸ್ಟ್ ನಾಲ್ಕರಂದು ಹಿಂದಿನ ರಾತ್ರಿಯಿಂದ ಏನೂ ಉಂಡಿರಲಿಲ್ಲ. ಹಸಿದು ಓಡಿದರು. ಗುರುವಾರ ಉಂಡು ಓಡಿದರು. ಆ ಹದಿನಾಲ್ಕು ಸೆಕೆಂಡು ಬಟ್ಟೆಯದಲ್ಲ, ಅನ್ನದ್ದು. ಎರಡೂ ದಿನ ಉಂಡು ಓಡಿದವಳು ಒಬ್ಬಳೇ, ಅವಳ ಓಟ ಬದಲಾಗಲಿಲ್ಲ. ಬಟ್ಟೆಯ ಬಗ್ಗೆ ನಿಜ ಹೇಳಿದ್ದು ಅವಳ ಕಾಲೊಂದೇ, ಅದನ್ನೇ ನಾನು ಲೆಕ್ಕದಿಂದ ತೆಗೆದೆ. ಸೊಕ್ಕು ಅಂದೆ.

ಗೊತ್ತಿರಲಿಲ್ಲ ಅನ್ನಲೂ ಬಾಯಿಲ್ಲ. ನಾನೂ ಅವತ್ತು ಉಪವಾಸವಿದ್ದೆ. ತಲೆ ಸಿಡಿಯುತ್ತಿತ್ತು ಅಂತ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಶ್ರಾವಣ ಸೋಮವಾರ ಯಾರೂ ಉಣ್ಣುವುದಿಲ್ಲ, ಅದು ಒಂದು ಸಂಗತಿ ಅಂತಲೇ ನನಗೆ ಅನಿಸಿರಲಿಲ್ಲ. 'ನಮ್ಮಲ್ಲಿ' ಅಂತ ಬರೆದೆ ನೋಡು. ಗೌತಮಿ ಯಾರಲ್ಲಿಯವಳು ಹಾಗಾದರೆ?

ಕನ್ನಡಕ ಹಾಕಿಕೊಂಡು ಡಬ್ಬಿಯ ಇರುವೆ ಅಕ್ಷರ ಓದಿದೆ. 'ಹನ್ನೆರಡು ಬಳಕೆದಾರರ ಅನಿಸಿಕೆ ಆಧರಿಸಿ. ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು.' ಅನಿಸಿಕೆ! ಗಡಿಯಾರ ಹಿಡಿದು ನೋಡಿದವರು ಯಾರೂ ಇಲ್ಲ. ಇದ್ದರೆ ನಾನೊಬ್ಬಳೇ.

ಸೆಪ್ಟೆಂಬರ್ 4, ಗುರುವಾರ

ಮತ್ತೆ ಓಡಿಸಿದೆ. ಈ ಸಲ ಎಲ್ಲರೂ ಉಂಡಿದ್ದಾರೋ ಇಲ್ಲವೋ ಕೇಳಿಕೊಂಡೆ. ಇಬ್ಬರು ಮೊದಲು ಟೈಟ್ಸ್ ತೊಟ್ಟು, ಇಬ್ಬರು ಟೈಟ್ಸ್ ಇಲ್ಲದೆ. ಒಂದು ತಾಸು ಬಿಟ್ಟು ಅದಲು ಬದಲು. ಯಾಕೆ ಅಂತ ಹೇಳಲಿಲ್ಲ.

ಎರಡೂ ಓಟಕ್ಕೆ ಒಂದೆರಡು ಸೆಕೆಂಡಿನ ವ್ಯತ್ಯಾಸ, ಅದೂ ಕೆಲವರಿಗೆ ಅತ್ತ, ಕೆಲವರಿಗೆ ಇತ್ತ. ಅಷ್ಟೇ.

ಗೌತಮಿಯನ್ನು ಕರೆಯಲಿಲ್ಲ. ಅವಳ ಮುಖ ನೋಡುವುದು ನನ್ನಿಂದ ಆಗಲಿಲ್ಲ.

ಮಂಗಳವಾರ ಜಿಲ್ಲಾ ಕೂಟ. ಅದು ಮುಗಿಯಲಿ. ಈಗ ಹೇಳಿದರೆ ಹುಡುಗಿಯರ ಮನಸ್ಸು ಕೆಡುತ್ತದೆ. ಮಾಮಾಗೆ ಕೂಟ ಮುಗಿದ ಮೇಲೆ ಹೇಳುತ್ತೇನೆ. ಸುಮಂಗಲಾಗೂ ಆಮೇಲೆ. ಹುಡುಗಿಯರ ಮನಸ್ಸು ಅಂತ ಬರೆದೆ. ನನ್ನ ಮನಸ್ಸು ಅಂತ ಬರೆಯಬೇಕಿತ್ತು.

ಸೆಪ್ಟೆಂಬರ್ 8, ಸೋಮವಾರ

ಗೌತಮಿ ಎರಡು ಸಲ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಅಕ್ಕಾರ, ಒಂದ ಮಾತ ಹೇಳೂದಿತ್ರಿ" ಅಂದಳು. ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ನಾಳೆ ಕೂಟ ಮುಗೀಲಿ, ಆಮ್ಯಾಲೆ ಹೇಳು" ಅಂದೆ. ಆಗಸ್ಟಿನ ಬೈಗುಳದ ಬಗ್ಗೆ ಕೇಳಲು ಬಂದಳೇನೋ ಅಂತ ಹೆದರಿಕೆ.

ಸೆಪ್ಟೆಂಬರ್ 9, ಮಂಗಳವಾರ

ಬಿದ್ದಳು.

ಸೆಪ್ಟೆಂಬರ್ 10, ಬುಧವಾರ

ನಿನ್ನೆ ಬರೆಯಲಾಗಲಿಲ್ಲ. ವಿಜಯಪುರದ ಮೈದಾನ. ಹದಿನೈದು ನೂರು ಮೀಟರ್. ಎರಡನೆಯ ಸುತ್ತಿನವರೆಗೂ ಗೌತಮಿಯೇ ಮುಂದೆ. ಮೂರನೆಯದಕ್ಕೆ ತಿರುಗುವಾಗ ಎಡಗಾಲು ನೆಲಕ್ಕೆ ಊರಿದವಳು ಹಾಗೇ ಕುಸಿದಳು. ಎಡವಿ ಬಿದ್ದದ್ದಲ್ಲ. ಎದ್ದು ಮತ್ತೆ ನಾಲ್ಕು ಹೆಜ್ಜೆ ಓಡಿದಳು, ಮತ್ತೆ ಬಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಮೊಣಕೈ ಊರಿ ತೆವಳುತ್ತಿದ್ದಳು.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಬಿರುಕು. ಒಂದೇ ದಿನಕ್ಕೆ ಆದದ್ದಲ್ಲವಂತೆ, ನೋವಿನ ಮೇಲೆ ನೋವು ಓಡಿ ಓಡಿ ಆದದ್ದು.

ಡಾಕ್ಟರು ಕೇಳಿದರು. "ಎಷ್ಟ ದಿನದಿಂದ ನೂಸಾಕತ್ತಿತ್ತು?"

"ಒಂದ ತಿಂಗಳಾತ್ರಿ."

"ಮತ್ತ ಓಡಿದೆಲ್ಲ?"

"ಇದನ್ನ ಹಾಕ್ಕೊಂಡ್ರ ನೋವು ಬರೂದಿಲ್ಲ ಅಂತ ಬರದಾರ್ರಿ."

"ಎಲುಬಿಗೆ ಓದಾಕ ಬರತೈತೇನ ತಂಗಿ? ಯಾರಿಗೂ ಹೇಳಲಿಲ್ಲೇನು?"

ಅವಳು ನನ್ನ ಕಡೆ ನೋಡಿದಳು. ಆಮೇಲೆ ಫ್ಯಾನಿನ ಕಡೆ ನೋಡಿದಳು. "ಇಲ್ರಿ" ಅಂದಳು.

ಹೇಳಿದ್ದಳು. ಆಗಸ್ಟ್ ಏಳರಂದು, ಬಟ್ಟೆ ತೊಟ್ಟ ಮೊದಲ ದಿನವೇ ನನಗೆ ಹೇಳಿದ್ದಳು. ಸೋಮವಾರ ಮತ್ತೆ ಹೇಳಲು ಬಂದಿದ್ದಳು. ನಾನು ಅಲ್ಲೇ ನಿಂತಿದ್ದೆ, ಡಾಕ್ಟರಿಗೆ ಒಂದು ಮಾತು ಹೇಳಲಿಲ್ಲ. ಹದಿನಾರು ವರ್ಷದ ಹುಡುಗಿ ನನ್ನನ್ನು ಉಳಿಸಿದಳು, ನಾನು ಸುಮ್ಮನೆ ಉಳಿದುಕೊಂಡೆ.

ಎರಡು ತಿಂಗಳು ಪ್ಲಾಸ್ಟರು, ವಿಶ್ರಾಂತಿ. ಆಮೇಲೆ ನಿಧಾನವಾಗಿ ಓಡಬಹುದು ಅಂದರು. ವಿಭಾಗದ ಕೂಟ ಈ ವರ್ಷಕ್ಕೆ ಮುಗಿಯಿತು.

ಸೆಪ್ಟೆಂಬರ್ 13, ಶನಿವಾರ

ಕಳ್ಳಕವಟಗಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ, ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಗೌತಮಿಯ ಅಪ್ಪ ಶಿವಾಜಿ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದ. ತಾಯಿ ಸಾವಂತ್ರವ್ವ ಮನೆಯಲ್ಲಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ನಡುವೆ ಗೌತಮಿ ಗೆದ್ದ ಮೂರು ಪದಕ. ಗೌತಮಿ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಸಾವಂತ್ರವ್ವ, "ಬರ್ರಿ ಅಕ್ಕಾರ, ಕುಂದರ್ರಿ" ಅಂತ ಚಹಾಕ್ಕೆ ಇಟ್ಟಳು. ಚಹಾ ಬರುವ ಮೊದಲೇ ಹೇಳಿಬಿಡಬೇಕು, ಕುಡಿದ ಮೇಲೆ ಧೈರ್ಯ ಸಾಲುವುದಿಲ್ಲ ಅನಿಸಿತು. ಹೇಳಿದೆ. ಸೋಮವಾರದ ಓಟ, ಗುರುವಾರದ ಓಟ, ಉಪವಾಸ, ಚೀಟಿ, ಎಲ್ಲಾ.

ಸಾವಂತ್ರವ್ವನಿಗೆ ಒಂದೇ ಸಲಕ್ಕೆ ತಿಳಿಯಲಿಲ್ಲ. ಸ್ಟೋವ್ ಸಣ್ಣ ಮಾಡಿ ಬಂದು ಕೂತಳು.

"ಅಂದ್ರ, ಆ ಹುಡುಗ್ಯಾರು ಸೋಮಾರ ಹಸಗೊಂಡ ಓಡಿದ್ರು?"

"ಹೂಂ."

"ನಮ್ಮಾಕಿ ಉಂಡ ಓಡಿದ್ಲು."

"ಹೂಂ."

"ಹಸದಾರಿಗೆ ಶಾಬಾಸ್ ಅಂದ್ರಿ. ಉಂಡಾಕೀಗೆ ಬೈದ್ರಿ."

"ಹೌದು" ಅಂದೆ. ನನಗೆ ಅಳು ಬಂತು, ಆದರೆ ಅವರ ಮನೆಯಲ್ಲಿ ಕೂತು ನಾನು ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ನುಂಗಿಕೊಂಡೆ.

ಗೌತಮಿ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ ಹೇಳಿದಳು. "ಎಲ್ಲಾರಿಗೂ ಕೆಲಸ ಮಾಡೈತಿ, ನನಗ ಒಬ್ಬಾಕೀಗೆ ಮಾಡವಲ್ದು, ನನ್ನ ಕಾಲ ಸರಿಯಿಲ್ಲ ಅನ್ಕೊಂಡಿದ್ನ್ರಿ. ಬಬಲೇಶ್ವರದಾಗ ನೀವು 'ಎಲ್ಲಾರ್ದೂ ಕಮ್ಮಿ ಆತು' ಅಂದ್ರೆಲ್ಲ, ಅವತ್ತಿಂದ ಮುಂಜಾನೆ ತ್ವಾಟದ ಹಾದ್ಯಾಗ ಮತ್ತೆರಡು ಮೈಲಿ ಓಡಾಕ ಹತ್ತಿದ್ನಿ. ನಿಮ್ಮ ಮಾತ ಸುಳ್ಳ ಆಗಬಾರದು ಅಂತ."

ನನ್ನ ಮಾತು ಸುಳ್ಳಾಗಬಾರದು ಅಂತ.

"ಕೂಟದ ಹಿಂದಿನ ದಿನ ಬಂದಿದ್ನೆಲ್ರಿ, ಕಾಲ ಊರಾಕ ಆಗವಲ್ದು ಅಂತ ಹೇಳಾಕ ಬಂದಿದ್ನಿ."

"ಆಮ್ಯಾಲೆ ತಿಳೀತು. ಅವತ್ತ ನನಗ ನಿನ್ನ ಮುಖ ನೋಡಾಕ ನಾಚಿಕಿ ಆಗಿತ್ತು" ಅಂದೆ. ಅದಕ್ಕಿಂತ ನಾಚಿಕೆಗೇಡಿನ ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ, ಆದರೆ ಅದೇ ನಿಜ.

"ಎರಡ ತಿಂಗಳಾದ ಮ್ಯಾಲೆ ಓಡಬಹುದಂತವ್ವ, ಡಾಕ್ಟ್ರು ಹೇಳ್ಯಾರ" ಅಂದೆ.

"ನಾ ಇನ್ನ ಓಡಂಗಿಲ್ರಿ."

ಸಾವಂತ್ರವ್ವ ಮಗಳ ಕಡೆ ತಿರುಗಿ ನೋಡಿದಳು. ಚಹಾ ಕೊಟ್ಟಳು. ಕುಡಿದೆ. ಹೊರಡುವಾಗ ಗೌತಮಿ ಕರೆದಳು.

"ಅಕ್ಕಾರ. ಇಲ್ಲಿ ಮನ್ಯಾಗ ಹೇಳಿದ್ರ ಆಗಂಗಿಲ್ರಿ. ಬೈದಿದ್ದ ಗ್ರೌಂಡಿನ್ಯಾಗ. ರೇಣುಕಾನ ಮುಂದ, ಎಲ್ಲಾರ ಮುಂದ. ಅಲ್ಲಿ ಹೇಳ್ರಿ."

ತಾಯಿ ಮಗಳನ್ನು ಸುಮ್ಮನಿರಿಸುತ್ತಾಳೆ, 'ದೊಡ್ಡವರಿಗೆ ಹಂಗ ಅನಬಾರದು' ಅನ್ನುತ್ತಾಳೆ ಅಂತ ಕಾದೆ. ಸಾವಂತ್ರವ್ವ ಬಾಗಿಲ ಚೌಕಟ್ಟಿಗೆ ಕೈ ಇಟ್ಟು ನಿಂತಿದ್ದಳು. ಅನ್ನಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ನಿನ್ನೆ ಮಾಮಾನ ಅಂಗಡಿಗೆ ಹೋಗಿ ಹೇಳಿದೆ. ನಂಬಲಿಲ್ಲ. "ಒಬ್ಬಾಕಿ ಬಿದ್ರ ಮಾಲಿಂದೇನ ತಪ್ಪು? ನಾ ಏನ ಕಟ್ಟಿ ಹಾಕಿ ತೊಡಿಸೇನೇನ?" ಅಂದರು. ತಪ್ಪು ಮಾಲಿನದಲ್ಲ, ನನ್ನ ಚೀಟಿಯದು ಅಂದೆ. ಹಿಂದಿನದು ಸುಳ್ಳು ಅಂತ ಹೊಸ ಚೀಟಿ ಬರೆದು ಕೊಟ್ಟೆ. ಅದನ್ನು ಗಲ್ಲಾದ ಕೆಳಗೆ ತುರುಕಿದರು. ಅಂಗಡಿಯ ಮೇಲಿನ ಫ್ಲೆಕ್ಸ್ ಮಾತ್ರ ಆಳಿಗೆ ಹೇಳಿ ಇಳಿಸಿದರು. ಟಿಕೋಟಾದ್ದು ನನಗೆ ಸಂಬಂಧವಿಲ್ಲ ಅಂದರು. ರಾತ್ರಿ ಅಕ್ಕನ ಫೋನು: "ಮಂದ್ಯಾಗ ನಮ್ಮ ಮಾರಿ ಸುಡಾಕ ಹುಟ್ಟೀದಿ ನೀ." ಅವಳೂ ಪಾಪ, ಒಂದು ತಿಂಗಳು ಹೆಮ್ಮೆಪಟ್ಟಿದ್ದಳು.

ಸುಮಂಗಲಾಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. "ಶ್ರಾವಣ ಸೋಮಾರ ನಾನೂ 'ಉಂಡೀರೇನು' ಅಂತ ಕೇಳತಿದ್ದಿಲ್ಲ ಬಿಡು" ಅಂದಳು. ಆಮೇಲೆ, "ಆದ್ರ 'ಎಲ್ಲಾರ್ದೂ' ಅನ್ನಬಾರದಿತ್ತು ವಿಜಯಾ" ಅಂದಳು. ಬೈದಿದ್ದರೆ ಹಗುರ ಇರುತ್ತಿತ್ತು.

ಇವತ್ತು ಬೆಳಗ್ಗೆ ಈಳಿಗೆ ಒಯ್ದರೆ ಬಸ್ಸಿನಲ್ಲಿ ಹೆದರುತ್ತಾರೆ ಅಂತ ಕತ್ತರಿ ಒಯ್ದೆ. ಟಿಕೋಟಾ ಬಸ್ ಸ್ಟ್ಯಾಂಡಿನ ಎದುರು ಪಾನ್ ಅಂಗಡಿಯ ಸ್ಟೂಲ್ ಇಸಿದುಕೊಂಡು ಮೇಲೇರಿ ಫ್ಲೆಕ್ಸಿನ ಹಗ್ಗ ಕತ್ತರಿಸತೊಡಗಿದೆ. ಸುತ್ತ ಮಂದಿ ಸೇರಿದರು.

"ಯಾಕ್ರೀ ಅಕ್ಕಾರ, ಫೋಟೋ ಚಲೋ ಬಂದಿಲ್ಲೇನ್ರಿ?"

"ಫೋಟೋ ಚಲೋ ಬಂದೈತಿ. ಕೆಳಗ ಬರದಿದ್ದ ಸುಳ್ಳೈತಿ" ಅಂದೆ.

ಒಬ್ಬ ನಕ್ಕ. ಒಬ್ಬ ಹಗ್ಗದ ಇನ್ನೊಂದು ತುದಿ ಬಿಚ್ಚಿಕೊಟ್ಟ. ನನ್ನ ಮುಖವನ್ನು ನಾನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ಹೋದೆ. ರುದ್ರವ್ವ ಅದನ್ನು ಕಟ್ಟಿಗೆಯ ಮೇಲೆ ಹೊದಿಸಲು ಕೇಳಿ ತೆಗೆದುಕೊಂಡಳು.

ಸೆಪ್ಟೆಂಬರ್ 17, ಬುಧವಾರ

ಶಿವಾಜಿ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಸಾವಂತ್ರವ್ವ ಬಸ್ಸಿಗೆ ಬಂದಳು. ಗೌತಮಿಗೆ ಕುರ್ಚಿ ಹಾಕಿಸಿದೆ. ಪ್ಲಾಸ್ಟರಿನ ಕಾಲು ಇನ್ನೊಂದು ಕುರ್ಚಿಯ ಮೇಲೆ. ಮೂರು ಗಂಟೆ, ಮೈದಾನದ ತುಂಬ ಮಕ್ಕಳು. ಹೆಡ್ ಮಾಸ್ತರರು ಕಾರಿಡಾರಿನಿಂದ, "ಏನ್ರಿ ಅಕ್ಕಾರ, ಪ್ರಾರ್ಥನಾ ಮತ್ತೊಮ್ಮೆ ಮಾಡಸ್ತೀರೇನ?" ಅಂತ ಕೂಗಿದರು.

ಎಲ್ಲರನ್ನೂ ನೆಲಕ್ಕೆ ಕೂರಿಸಿದೆ. ನಾನು ನಿಂತೇ ಹೇಳಿದೆ. ಆಗಸ್ಟ್ ಏಳರಂದು ಇದೇ ಜಾಗದಲ್ಲಿ ಗೌತಮಿಗೆ ಸೊಕ್ಕು ಬಂದಿದೆ ಅಂದಿದ್ದೆ, ಅದು ತಪ್ಪು. ಅವಳು ಎರಡೂ ದಿನ ಮನಸ್ಸಿಟ್ಟು ಓಡಿದ್ದಳು. ಉಳಿದವರು ಹಸಿದಿದ್ದರು, ನಾನು ಕೇಳಲಿಲ್ಲ. ಅವಳು ನೋವು ಅಂದಳು, ಡಬ್ಬಿ ಓದು ಅಂದೆ. ಸುಳ್ಳು ಬರೆದು ಸಹಿ ಹಾಕಿದೆ. ಸುಳ್ಳು ಗೊತ್ತಾದ ಮೇಲೂ ಆರು ದಿನ ಸುಮ್ಮನಿದ್ದೆ. ಅದರಿಂದಲೇ ಈ ಕಾಲು ಹೀಗಾಯಿತು.

ಮುಂದಿನ ಸಾಲಿನ ಹುಡುಗರು ನಗಬಹುದು ಅಂದುಕೊಂಡಿದ್ದೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ರೇಣುಕಾ ಎದ್ದು ನಿಂತಳು. "ಅವತ್ತ ನನಗ ತಲೀ ತಿರಗಾಕತ್ತಿತ್ರಿ ಅಕ್ಕಾರ. ಕೇಳಿದ್ರ ಹೇಳತಿದ್ನಿ" ಅಂದಳು. ಆಮೇಲೆ ಗೌತಮಿಯ ಕಡೆ ತಿರುಗಿ, "ನಾನೂ ನಿನಗ ಸೊಕ್ಕ ಅಂದಿದ್ನೆಲೇ, ಮನಸ್ಸಿಗೆ ಹಚ್ಚಕೋಬ್ಯಾಡ" ಅಂದಳು.

"ಹಂಗಾರ ಇವನ್ನ ಹಾಕ್ಕೋಬೇಕೋ ಬ್ಯಾಡೋ?" ಅಂತ ಇನ್ನೊಬ್ಬಳು ಕೇಳಿದಳು.

"ಮೈಗೆ ಹಿತ ಅನಿಸಿದ್ರ ಹಾಕ್ಕೋರಿ. ಜೋರ ಓಡ್ತೀರಿ, ನೋವು ಬರೂದಿಲ್ಲ ಅಂತ ನಾ ಹೇಳಾಂಗಿಲ್ಲ. ನನಗ ಗೊತ್ತಿಲ್ಲ" ಅಂದೆ.

ಮಕ್ಕಳನ್ನು ಕಳಿಸಿದ ಮೇಲೆ ಗೌತಮಿಯ ಹತ್ತಿರ ಹೋದೆ. ಓಡುತ್ತೀಯಾ ಅಂತ ಕೇಳಲು ನನಗೆ ಹಕ್ಕಿಲ್ಲ, ಕೇಳಲಿಲ್ಲ. ಅವಳು ಮೈದಾನದ ಆಚೆ ಬದಿ ನೋಡುತ್ತಿದ್ದಳು. ಅಲ್ಲಿ ರೇಣುಕಾ ಮತ್ತು ಉಳಿದವರು ಕಾಲು ಸಡಿಲು ಮಾಡಿಕೊಳ್ಳುತ್ತಿದ್ದರು.

"ಅಕ್ಕಾರ" ಅಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಅಪ್ಪ, ಅವ್ವ, ಹೆಡ್ ಮಾಸ್ತರರು, ಎಲ್ಲ ಇದ್ದರು. "ಪ್ಲಾಸ್ಟರ್ ತಗದ ಮ್ಯಾಲೆ ಬರ್ತೀನ್ರಿ. ಕಾಲ ನೂಸಿದ್ರ ಹೇಳ್ತೀನಿ. ನೀವು ಕೇಳಿಸ್ಕೋತೀರೇನ್ರಿ?"